ನಿಮ್ಮ ನೆರೆ ಎಷ್ಟು ದೂರದಲ್ಲಿದೆ?

ಮಳೆಗಾಲಕ್ಕೆ ಮುಂಚೆ ನಮ್ಮೂರಿಗೆ, ಅಂದ್ರೆ ತೀರ್ಥಹಳ್ಳಿ ಸೀಮೆಯ ಒಂದು ಮೂಲೆಗೆ, ಇಬ್ರು ಹುಡುಗ್ರು ಟ್ಯಾಬ್ ಹಿಡ್ಕೊಂಡು ಬಂದ್ರು. ವಿಪತ್ತು ಬಂದ್ರೆ ಯಾರು ಯಾರಿಗೆ ಆಗ್ತಾರೆ ಅನ್ನೋದ್ರ ಮ್ಯಾಪ್ ಮಾಡ್ತಾರಂತೆ. ಐಡಿಯಾ ಒಳ್ಳೇದೇ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಸಾಹೇಬ್ರು ಅಧ್ಯಕ್ಷರು, ಸರಿ, ಆದ್ರೆ ಧರೆ ಜರಿದು ರಸ್ತೆ ಬಂದ್ ಆದ್ರೆ ಶಿವಮೊಗ್ಗದಿಂದ ಜೆಸಿಬಿ ಬರೋ ತನಕ ಪಕ್ಕದ ಮನೆಯೋರೇ ನಮ್ಗೆ ಎನ್‌ಡಿಆರ್‌ಎಫ್ಪು. ತಾಪತ್ರಯ ಎಂಥದು ಅಂದ್ರೆ, ಮ್ಯಾಪಿಗೆ ಆ್ಯಪ್ ಬೇಕು, ಆ್ಯಪಿಗೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ನಮ್ಮಲ್ಲಿ ಸಿಗೋದು ಧರೆ ಮೇಲಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಹಂಗಾಗಿ ಊರಿನ 17 ಮನೆಯೂ ಹಲಸಿನ ಮರದ ಬುಡದಲ್ಲೇ ಇದೆ ಅಂತ ದಾಖಲಾಯ್ತು.

ಮೊದಲ್ನೇ ಪ್ರಶ್ನೆ, 'ನಿಮ್ಮ ನೆರೆ ಎಷ್ಟು ದೂರದಲ್ಲಿದೆ?' ನೇಬರ್ ಅನ್ನೋದನ್ನ ಯಾರೋ ಎಸಿ ರೂಮಲ್ಲಿ ಕೂತು ಕನ್ನಡ ಮಾಡಿರ್ಬೇಕು. ಹಲಸಿನ ಹಪ್ಪಳ ಒತ್ತುತಿದ್ದ ನಮ್ಮ ದೊಡ್ಡಮ್ಮ ತಲೆ ಎತ್ತದೇ, 'ದೂರ ಎಂಥದು ಮಾರಾಯ, 2019ರಲ್ಲಿ ಕೊಟ್ಟಿಗೆ ಮೆಟ್ಟಿಲ ತನಕ ಬಂದಿತ್ತು' ಅಂದ್ರು. ಹುಡುಗ 'ನೆರೆಯೊಂದಿಗೆ ಆತ್ಮೀಯ ಒಡನಾಟ'ಕ್ಕೆ ಟಿಕ್ ಹಾಕ್ದ.

ತುರ್ತಲ್ಲಿ ಸಂಪರ್ಕ ಹೆಂಗೆ? ಫೋನು, ವಾಟ್ಸಾಪು, ಇಮೇಲು. ಕೂಗು ಹಾಕೋದು ಅನ್ನೋ ಆಪ್ಷನ್ನೇ ಇಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟ್ರಿನೂ ಸತ್ತ ಮೇಲೆ ವಿಪತ್ತಿನ ಸಹಾಯವಾಣಿ 1077ಕ್ಕೆ ಒತ್ತಿದ್ರೂ ಟುಂಯ್ ಅನ್ನಲ್ಲ, ಆವಾಗ ಈ ಗುಡ್ಡದಿಂದ ಆ ಗುಡ್ಡಕ್ಕೆ ಮುಟ್ಟೋದು ಕೂಗೊಂದೇ. (ಶಿವಮೊಗ್ಗ ಪೇಟೆಯೋರೂ ತುಂಗೆ ತುಂಬಿದ್ಲಾ ಅಂತ ಇವತ್ತಿಗೂ ಕೋರ್ಪಲಯ್ಯನ ಮಂಟಪ ಮುಳುಗಿದ್ದು ನೋಡೇ ಹೇಳೋದು, ಅದಕ್ಕೆ ಓಟಿಪಿ ಬರಲ್ಲ.)

ಆಮೇಲೆ ಬೇಲಿಯಾಚೆಯ ಗೌಡ್ರ ವಿಷಯ ಬಂತು. ನಮ್ಗೂ ಅವ್ರಿಗೂ ಒಂದೂವರೆ ಗುಂಟೆಗೆ ಕೇಸು ನಡೀತಿರೋದು ನಾನು ಹೈಸ್ಕೂಲಲ್ಲಿ ಇದ್ದಾಗಿಂದ. ಅಪ್ಪ 'ಆ ಮನುಷ್ಯನ ಹೆಸರು ಎತ್ಬೇಡಿ' ಅಂದಿದ್ದೇ ತಡ, ಮ್ಯಾಪಲ್ಲಿ ಎರಡು ಮನೆ ನಡುವೆ ಕೆಂಪು ಗೆರೆ. ಬೆಂಬಲ ಶೂನ್ಯ.

2019ರ ಆಗಸ್ಟು, ಆಶ್ಲೇಷ ಮಳೆ, ರಾತ್ರಿ ಎರಡು ಗಂಟೆ, ನಂದಿ ಮರ ಮುರ್ಕೊಂಡು ನಮ್ಮ ಅಡುಗೆಮನೆ ಹೆಂಚಿನ ಮೇಲೆ ಬಿದ್ದಾಗ ಕಂಬಳಿಕೊಪ್ಪೆ ಹಾಕ್ಕೊಂಡು ಮರ ಕುಯ್ಯೋ ಮಿಷನ್ ಹೊತ್ಕೊಂಡು ಮೊದ್ಲು ಬಂದಿದ್ದು ಇದೇ ಗೌಡ್ರು. ಅಪ್ಪನ ಹತ್ರ ಒಂದು ಮಾತಾಡ್ಲಿಲ್ಲ. ಹೇಳೋದನ್ನೆಲ್ಲ ನಮ್ಮ ನಾಯಿಗೆ ಹೇಳಿದ್ರು, 'ಟಾರ್ಚು ಸ್ವಲ್ಪ ಈ ಕಡೆ ಹಿಡಿಯೋರಿದ್ರೆ ಹಿಡೀಬಹುದಪ್ಪ.' ಅಪ್ಪನೂ ನಾಯಿಗೇ ಹೇಳಿದ್ರು, 'ಕಾಲು ಜಾರ್ತದೆ, ನೋಡ್ಕಂಡು ಅನ್ನು.' ಬೆಳಗಾಗೋದ್ರೊಳಗೆ ಮರ ತುಂಡಾಯ್ತು, ಮುಂದಿನ ವಾಯಿದೆಗೆ ಇಬ್ರೂ ಒಂದೇ ಬಸ್ಸಲ್ಲಿ ಕೋರ್ಟಿಗೆ ಹೋದ್ರು, ಬೇರೆ ಬೇರೆ ಸೀಟಲ್ಲಿ.

ಇದನ್ನೆಲ್ಲ ಹೇಳಿ ಕೆಂಪು ಗೆರೆ ಅಳಿಸ್ರಪ್ಪ ಅಂತ ಕೇಳ್ದೆ. ತಿದ್ದುಪಡಿಗೆ ಎರಡೂ ಮನೆಯೋರು ಜಂಟಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ಬೇಕಂತೆ. ಅಪ್ಪ ವಕೀಲ್ರನ್ನ ಕೇಳಿದ್ರು, ಗೌಡ್ರೂ ಅವ್ರ ವಕೀಲ್ರನ್ನ ಕೇಳಿದ್ರು. ಇಬ್ರು ವಕೀಲ್ರೂ ಹೇಳಿದ್ದು ಒಂದೇ ಮಾತು: ಕೇಸು ಮುಗಿಯೋ ತನಕ ಯಾವ ಕಾಗದಕ್ಕೂ ಸಹಿ ಹಾಕ್ಬೇಡಿ.