ಎಲ್ಲೂ ನಿಲ್ಲದ ಏರ್‌ಪೋರ್ಟ್ ರೈಲು: ನಮಗೆ ಬೇಕಾ, ಬೇಡವಾ?

ಬೆಳಗಾವಿ ಸ್ಟೇಷನ್ನಿನ ಎದುರು ಚಹಾ ಕುಡಿಯುತ್ತ ಶುರುವಾದ ಜಗಳ ಇದು. ಗೆಳೆಯನ ಮಗ ದುಬೈಗೆ ಹೊರಟಿದ್ದ. ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ದೇವನಹಳ್ಳಿ. "ಬೆಂಗಳೂರು ಮುಟ್ಟೂದು ದೊಡ್ಡ ಮಾತಲ್ಲ ಕಾಕಾ, ಬೆಂಗಳೂರಾಗಿಂದ ಏರ್‌ಪೋರ್ಟ್ ಮುಟ್ಟೂದ ದೊಡ್ಡ ಮಾತು" ಅಂದ. ದಿಲ್ಲಿಯಲ್ಲಿ ಇರುವಂಥ ವೇಗದ ರೈಲು ಬೆಂಗಳೂರಿಗೂ ಬೇಕು ಅನ್ನುವುದು ಅವನ ವಾದ. ಅವನಪ್ಪ ಘಟಪ್ರಭಾದಿಂದ ದಿನಾ ರೈಲಿನಲ್ಲಿ ಬೆಳಗಾವಿಗೆ ಬಂದು ನೌಕರಿ ಮಾಡಿದವನು. "ಅಂಥಾ ರೈಲು ಬಂದ್ರ ನಮ್ಮಂಥವರ ರೈಲು ಬಾಜೂಕ ನಿಂದರತೈತಿ, ಅಷ್ಟ" ಅಂದ.

ನಾನು ನಡುವೆ ಕೂತಿದ್ದೆ. ಇಬ್ಬರ ಪರವಾಗಿಯೂ ಬರೆದು ನೋಡೋಣ ಅನ್ನಿಸಿತು. ನನ್ನ ಮನಸ್ಸು ಯಾವ ಕಡೆ ವಾಲಿದೆ ಅಂತ ಓದುತ್ತ ಹೋದರೆ ಗೊತ್ತಾಗಿಬಿಡುತ್ತದೆ, ಮುಚ್ಚಿಡುವುದಿಲ್ಲ.

ಪರ: ವಿಮಾನ ಯಾರಿಗೂ ಕಾಯುವುದಿಲ್ಲ

ಖಾನಾಪುರದ ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ವಿಮಾನ ತಪ್ಪಿದರೆ ಟಿಕೆಟ್ಟಿನ ದುಡ್ಡು ಹೋಯಿತು, ಮುಂದಿನ ವಿಮಾನ ಹೋಯಿತು, ಕೆಲವರಿಗೆ ನೌಕರಿಗೆ ಸೇರುವ ದಿನವೂ ಹೋಯಿತು. ಅದಕ್ಕೇ ವಿಮಾನ ಹತ್ತುವವನಿಗೆ ವೇಗಕ್ಕಿಂತ ಖಾತ್ರಿ ಬೇಕು. ಒಂದು ದಿನ ನಲವತ್ತೈದು ನಿಮಿಷ, ಇನ್ನೊಂದು ದಿನ ಎರಡೂವರೆ ಗಂಟೆ ಹಿಡಿಯುವ ರಸ್ತೆ ಅವನಿಗೆ ರಸ್ತೆಯೇ ಅಲ್ಲ.

ಇದು ಕೇಳಿದ ಮಾತಲ್ಲ, ಅನುಭವಿಸಿದ್ದು. ಒಂದು ಸಂಜೆ ಮಳೆಯಲ್ಲಿ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ಯಾಕ್ಸಿಯಲ್ಲಿ ಕೂತಿದ್ದೆ. ಮುಂದೂ ಇಲ್ಲ, ಹಿಂದೂ ಇಲ್ಲ. ಕೆಳಗೆ ಹಳಿಯ ಮೇಲೆ ಒಂದು ರೈಲು ಆರಾಮವಾಗಿ ಹೋಯಿತು. ನಾನು ಕೌಂಟರ್ ಮುಟ್ಟುವ ಹೊತ್ತಿಗೆ ಅದು ಮುಚ್ಚಿತ್ತು. ಚೀಲದಲ್ಲಿದ್ದ ಎರಡು ಕಿಲೋ ಕುಂದಾ ನಾನೇ ಕೂತು ತಿನ್ನಬೇಕಾಯಿತು.

ಬೆಂಗಳೂರಿನ ಈ ಏರ್‌ಪೋರ್ಟ್ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಅದರ ಹತ್ತಿರ ರೈಲಿಗೆ ಒಂದು ಸಣ್ಣ ಹಾಲ್ಟ್ ಸ್ಟೇಷನ್ ಬಂದಿದ್ದು 2021ರ ಜನವರಿಯಲ್ಲಿ. ಅಲ್ಲಿ ಇಳಿದು ಟರ್ಮಿನಲ್‌ಗೆ ಹೋಗಲು ಮತ್ತೆ ಬಸ್ಸು ಹತ್ತಬೇಕು. ಹಾಂಗ್‌ಕಾಂಗ್‌ನಲ್ಲಿ 1998ರ ಜುಲೈನಲ್ಲಿ ಹೊಸ ಏರ್‌ಪೋರ್ಟ್ ತೆರೆದ ದಿನವೇ ಅದರ ಎಕ್ಸ್‌ಪ್ರೆಸ್ ರೈಲೂ ಓಡಿತು. ಮೊದಲ ದಿನದಿಂದ ರೈಲು ಇದ್ದರೆ ಜನ ರೈಲಿಗೇ ಒಗ್ಗುತ್ತಾರೆ. ನಾವು ಹದಿಮೂರು ವರ್ಷ ಜನರಿಗೆ ಟ್ಯಾಕ್ಸಿಯ ಚಟ ಹತ್ತಿಸಿ, ಆಮೇಲೆ "ರೈಲಿಗೆ ಜನಾನೇ ಬರಲ್ಲ" ಅಂದರೆ ಹೇಗೆ?

ಇನ್ನು ದಿಲ್ಲಿ. ಅಲ್ಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ 2011ರ ಫೆಬ್ರವರಿಯಲ್ಲಿ ಶುರುವಾಯಿತು. ಖಾಸಗಿ ಪಾಲುದಾರಿಕೆಯಲ್ಲಿ. 2012ರ ಜುಲೈನಲ್ಲಿ ಮಾರ್ಗದಲ್ಲಿ ದೋಷ ಕಂಡು ನಿಂತೇ ಹೋಯಿತು. 2013ರ ಜನವರಿಯಲ್ಲಿ ಮತ್ತೆ ಓಡಿತು, ಅದೇ ಜುಲೈನಲ್ಲಿ ದಿಲ್ಲಿ ಮೆಟ್ರೋ ನಿಗಮ ತಾನೇ ವಹಿಸಿಕೊಂಡಿತು. ಆಮೇಲೆ ದರ ಇಳಿಸಿದರು, ಜನ ಜಾಸ್ತಿಯಾದರು. ಈಗ ಗಂಟೆಗೆ 120 ಕಿಲೋಮೀಟರ್ ವೇಗದವರೆಗೆ ಓಡುತ್ತದೆ. ನ್ಯೂ ದಿಲ್ಲಿ ಸ್ಟೇಷನ್ನಿನಿಂದ ಮೂರನೇ ಟರ್ಮಿನಲ್‌ಗೆ ಹದಿನಾರು ನಿಮಿಷದ ಹತ್ತಿರ. ಇದರಲ್ಲಿ ಎರಡು ಮಾತು ಗಮನಿಸಿ. ಒಂದು, ಅದಕ್ಕೆ ತನ್ನದೇ ಹಳಿ ಇದೆ, ಯಾರ ಪ್ಯಾಸೆಂಜರ್ ರೈಲನ್ನೂ ಅದು ಪಕ್ಕಕ್ಕೆ ನಿಲ್ಲಿಸುವುದಿಲ್ಲ. ಎರಡು, ಅದು ಹೊರಡುವುದು ದೂರದೂರಿನ ರೈಲು ಬಂದು ನಿಲ್ಲುವ ಸ್ಟೇಷನ್ನಿನ ಬದಿಯಿಂದಲೇ.

ಸಾಮಾನಿನ ಮಾತೂ ಇದೆ. ದುಬೈಗೆ ಹೋಗುವವನ ಹತ್ತಿರ ಎರಡು ದೊಡ್ಡ ಸೂಟ್‌ಕೇಸ್, ಒಂದು ಬ್ಯಾಗು, ಅವ್ವ ಕಟ್ಟಿಕೊಟ್ಟ ಉಪ್ಪಿನಕಾಯಿ ಡಬ್ಬಿ. ಇವನು ಬೆಳಿಗ್ಗೆ ಆಫೀಸಿಗೆ ಹೋಗುವವರ ರೈಲು ಹತ್ತಿದರೆ ಬಾಗಿಲಲ್ಲಿ ಜಗಳವೇ. ಅವನನ್ನು ಬೇರೆ ರೈಲಿಗೆ ಕಳಿಸಿದರೆ ದಿನಾ ಓಡಾಡುವವರಿಗೂ ಒಳ್ಳೆಯದು, ಅಲ್ವಾ? ಮತ್ತೆ ವಿಮಾನಕ್ಕೆ ಸಾವಿರಗಟ್ಟಲೆ ಕೊಡುವವನು ರೈಲಿಗೆ ನೂರು ರೂಪಾಯಿ ಜಾಸ್ತಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಆ ದುಡ್ಡಿನಿಂದ ನಿಧಾನದ ರೈಲನ್ನೂ ಸಾಕಬಹುದು. ಕೌಲಾಲಂಪುರದಲ್ಲಿ 57 ಕಿಲೋಮೀಟರ್ ಹಳಿಯ ಮೇಲೆ ಎರಡೂ ಓಡುತ್ತವೆ. ಎಲ್ಲೂ ನಿಲ್ಲದ್ದು 28 ನಿಮಿಷಕ್ಕೆ ಮುಟ್ಟುತ್ತದೆ, ಇನ್ನೊಂದು ಪುತ್ರಜಯದಂಥ ಊರುಗಳಲ್ಲಿ ನಿಂತು ಹೋಗುತ್ತದೆ. 2002ರಿಂದ ಹೀಗೇ ನಡೆದಿದೆ. ಒಂದು ಬಂದರೆ ಇನ್ನೊಂದು ಸಾಯಬೇಕು ಅಂತೇನಿಲ್ಲ.

ವಿರೋಧ: ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಕಾರು

ಕಬ್ಬಿನ ಸೀಜನ್ನಿನಲ್ಲಿ ಗೋಕಾಕ ಕಡೆ ಹೋದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ, ಎಷ್ಟೇ ದುಬಾರಿ ಕಾರಿದ್ದರೂ ಅದರ ಹಿಂದೆ. ರಸ್ತೆಯಲ್ಲಾದರೂ ಸಂದು ನೋಡಿ ಓವರ್‌ಟೇಕ್ ಮಾಡಬಹುದು. ಹಳಿಯ ಮೇಲೆ ಅದೂ ಇಲ್ಲ.

ಒಂದು ಸುಮ್ನೆ ಲೆಕ್ಕ ಹಾಕೋಣ. ಒಂದು ಹಳಿ ಇದೆ ಅನ್ನಿ. ಎಲ್ಲ ಕಡೆ ನಿಲ್ಲುವ ರೈಲಿಗೆ ಪೂರ್ತಿ ದಾರಿಗೆ ಒಂದು ಗಂಟೆ, ಎಲ್ಲೂ ನಿಲ್ಲದ್ದಕ್ಕೆ ಅರ್ಧ ಗಂಟೆ. ಎರಡು ರೈಲುಗಳ ನಡುವೆ 6 ನಿಮಿಷ ಅಂತರ ಇರಲೇಬೇಕು. ನಿಲ್ಲುವ ರೈಲು 6 ಗಂಟೆಗೆ ಹೊರಟು 7ಕ್ಕೆ ಮುಟ್ಟುತ್ತದೆ. ಅದರ ಬೆನ್ನಿಗೆ ಹಾಯಬಾರದು ಅಂದರೆ ವೇಗದ ರೈಲು 7 ಗಂಟೆ 6 ನಿಮಿಷಕ್ಕೆ ಮುಟ್ಟಬೇಕು, ಅಂದರೆ 6 ಗಂಟೆ 36 ನಿಮಿಷಕ್ಕೆ ಹೊರಡಬೇಕು. ನಡುವಿನ ಆ ಹೊತ್ತಿನಲ್ಲಿ, 6 ನಿಮಿಷಕ್ಕೆ ಒಂದರಂತೆ, ಐದು ನಿಲ್ಲುವ ರೈಲು ಬಿಡಬಹುದಿತ್ತು. ಒಂದು ವೇಗದ ರೈಲು ಐದು ರೈಲಿನ ಜಾಗ ತಿಂದಿತು. ಲೂಪ್ ಲೈನ್, ಅಂದರೆ ಸ್ಟೇಷನ್ನಿನಲ್ಲಿ ಬದಿಗಿರುವ ಹಳಿ, ಇದ್ದರೆ ನಿಧಾನದ ರೈಲನ್ನು ಅಲ್ಲಿ ಹಾಕಿ ವೇಗದ್ದನ್ನು ಪಾಸ್ ಮಾಡಿಸಬಹುದು. ಆಗ ಕಾಯುವವರು ಯಾರು? ನನ್ನ ಗೆಳೆಯನಂಥವರು.

ಇದನ್ನು ಲಂಡನ್ನಿನಲ್ಲಿ ವರ್ಷಗಟ್ಟಲೆ ನೋಡಿದ್ದಾರೆ. ಹೀಥ್ರೂ ಎಕ್ಸ್‌ಪ್ರೆಸ್ 1998ರಿಂದ ಊರೊಳಗಿನ ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಹೀಥ್ರೂ ಏರ್‌ಪೋರ್ಟಿಗೆ ಹದಿನೈದು ನಿಮಿಷದಲ್ಲಿ ಓಡುತ್ತದೆ. ಕೇಳಲು ಚಂದ. ಆದರೆ ಅದು ಓಡುವುದು ಬ್ರಿಸ್ಟಲ್, ವೇಲ್ಸ್ ಕಡೆಯಿಂದ ಬರುವ ರೈಲುಗಳ ಹಳಿಯ ಮೇಲೆ. ಹದಿನೈದು ನಿಮಿಷಕ್ಕೊಂದು ಏರ್‌ಪೋರ್ಟ್ ರೈಲಿಗೆ ಜಾಗ ಬಿಟ್ಟು ಉಳಿದವರು ಹೊಂದಿಕೊಳ್ಳಬೇಕು. 2022ರಲ್ಲಿ ಎಲಿಜಬೆತ್ ಲೈನ್ ಅನ್ನುವ ಇನ್ನೊಂದು ರೈಲು ಬಂತು, ಅದೂ ಹೀಥ್ರೂಗೆ ಹೋಗುತ್ತದೆ. ನಡುವೆ ಹಲವು ಕಡೆ ನಿಲ್ಲುತ್ತದೆ, ಸ್ವಲ್ಪ ನಿಧಾನ, ಆದರೆ ಅಗ್ಗ. ಅದಕ್ಕಿಂತ ಮುಖ್ಯ, ಊರಿನ ನಡುವೆಯೇ ಹಾದುಹೋಗುತ್ತದೆ. ಪ್ಯಾಡಿಂಗ್ಟನ್‌ಗೆ ಹದಿನೈದು ನಿಮಿಷದಲ್ಲಿ ಮುಟ್ಟಿ, ಅಲ್ಲಿ ಸೂಟ್‌ಕೇಸ್ ಎಳೆಯುತ್ತ ಮತ್ತೊಂದು ರೈಲು ಹುಡುಕುವುದಕ್ಕಿಂತ ಇದೇ ಹಲವರಿಗೆ ಬೇಗ ಆಗುತ್ತದೆ. ಲಂಡನ್ನಿನ ಇನ್ನೊಂದು ಏರ್‌ಪೋರ್ಟ್ ಗ್ಯಾಟ್‌ವಿಕ್ ಕಡೆಯೂ ಇದೇ ಕಥೆ. ಎಲ್ಲೂ ನಿಲ್ಲದ ಗ್ಯಾಟ್‌ವಿಕ್ ಎಕ್ಸ್‌ಪ್ರೆಸ್ 1984ರಲ್ಲಿ ಶುರುವಾಗಿತ್ತು. ಬ್ರೈಟನ್ ಮಾರ್ಗದಲ್ಲಿ ದಿನಾ ಓಡಾಡುವವರ ನೂಕುನುಗ್ಗಲು ತಾಳಲಾರದೆ 2008ರಲ್ಲಿ ಅದರ ಕೆಲವು ರೈಲುಗಳನ್ನು ಬ್ರೈಟನ್‌ವರೆಗೆ ಓಡಿಸಿ, ಆ ಜನರನ್ನೂ ಹತ್ತಿಸಿಕೊಂಡರು.

ಜಾಸ್ತಿ ದರ ಕೊಡುತ್ತಾರೆ ಅನ್ನುವ ಮಾತಿಗೆ ಟೊರಾಂಟೋ ಉತ್ತರ ಕೊಟ್ಟಿದೆ. 2015ರಲ್ಲಿ ಅಲ್ಲಿಯ ಏರ್‌ಪೋರ್ಟ್ ರೈಲು ಇಪ್ಪತ್ತೇಳೂವರೆ ಡಾಲರ್ ದರದಲ್ಲಿ ಶುರುವಾಯಿತು. ಬೋಗಿಗಳು ಖಾಲಿ ಓಡಿದವು. ವರ್ಷ ತುಂಬುವುದರೊಳಗೆ ದರವನ್ನು 12 ಡಾಲರಿಗೆ ಇಳಿಸಿದರು, ಆಗ ಜನ ಹತ್ತಿದರು. ದಿಲ್ಲಿಯಲ್ಲೂ ಜನ ಬಂದಿದ್ದು ದರ ಇಳಿದ ಮೇಲೆಯೇ ಅಂತ ಪರ ಬರೆದವನೇ, ಅಂದರೆ ನಾನೇ, ಮೇಲೆ ಒಪ್ಪಿಕೊಂಡಾಗಿದೆ. ಸಾಹುಕಾರರಿಗೆ ಅಂತ ಮಾಡಿದ ರೈಲನ್ನು ಉಳಿಸಿದ್ದು ಸಾಮಾನ್ಯ ಜನ.

ದಿಲ್ಲಿಯ ಹಾಗೆ ಬೇರೆ ಹಳಿ ಹಾಕಿದರೆ ಯಾರಿಗೂ ತೊಂದರೆ ಇಲ್ಲವಲ್ಲ? ನಿಜ. ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಬೆಂಗಳೂರಿನಲ್ಲಿ ಈಗ ಇರುವುದು ಏನು ನೋಡಿ. ಯಶವಂತಪುರದಿಂದ ಯಲಹಂಕದವರೆಗೆ ಹಿಂದೂಪುರ, ಧರ್ಮಾವರಂ ಕಡೆಯ ರೈಲುಗಳ ಗದ್ದಲ. ಯಲಹಂಕ ದಾಟಿ ದೇವನಹಳ್ಳಿ ಕಡೆ ತಿರುಗಿದರೆ ಒಂಟಿ ಹಳಿ. ಒಂಟಿ ಹಳಿಯ ಮೇಲೆ ಕ್ರಾಸಿಂಗ್ ಬಿತ್ತು ಅಂದರೆ ಏನಾಗುತ್ತದೆ ಅಂತ ನಮ್ಮ ಭಾಗದವರಿಗೆ ಯಾರೂ ಕಲಿಸಬೇಕಾಗಿಲ್ಲ. ಲೋಂಡಾ-ಬೆಳಗಾವಿ-ಘಟಪ್ರಭಾ ಜೋಡಿ ಹಳಿ ಲೋಕಾರ್ಪಣೆ ಆಗಿದ್ದು 2023ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲು ಸಣ್ಣ ಸ್ಟೇಷನ್ನುಗಳಲ್ಲಿ ಎದುರಿನ ರೈಲಿಗೆ ಕಾಯುತ್ತ ನಾವು ತಿಂದ ಶೇಂಗಾ ಲೆಕ್ಕವಿಲ್ಲ. ಅಂಥ ಹಳಿಯ ಮೇಲೆ ಎಲ್ಲೂ ನಿಲ್ಲದ ರೈಲು ಬಿಟ್ಟರೆ ಚಿಕ್ಕಬಳ್ಳಾಪುರದಿಂದ ಕೆಲಸಕ್ಕೆ ಬರುವವರನ್ನು ಪಕ್ಕಕ್ಕೆ ನಿಲ್ಲಿಸಬೇಕು. ಆ ಜನರಲ್ಲಿ ಎಷ್ಟೋ ಮಂದಿ ಇದೇ ಏರ್‌ಪೋರ್ಟಿನಲ್ಲಿ ಕಸ ಗುಡಿಸುವವರು, ಸಾಮಾನು ಎತ್ತುವವರು, ಕಾವಲು ಕಾಯುವವರು. ಪ್ರಯಾಣಿಕ ವರ್ಷಕ್ಕೆ ಎರಡು ಸಲ ಬರುತ್ತಾನೆ. ಇವರು ದಿನಾ ಬರುತ್ತಾರೆ. ಅವರ ಊರಿನಲ್ಲಿ ನಿಲ್ಲದ ರೈಲು ಅವರಿಗೆ ಯಾಕೆ?

ಚೆನ್ನೈಯವರು ಈ ಗೋಜಿಗೇ ಹೋಗಲಿಲ್ಲ. ಏರ್‌ಪೋರ್ಟಿನ ಎದುರೇ ತಿರುಸೂಲಂ ಲೋಕಲ್ ಸ್ಟೇಷನ್ ಇದೆ. 2016ರಿಂದ ಮೆಟ್ರೋ ಕೂಡ ಏರ್‌ಪೋರ್ಟಿಗೇ ಬರುತ್ತದೆ. ಎರಡೂ ಎಲ್ಲ ಕಡೆ ನಿಲ್ಲುವಂಥವು. ಮುಂಬೈಯ ಮೆಟ್ರೋ 3 ಅಂತೂ ನಮ್ಮವರಿಗೂ ಒದಗುತ್ತದೆ. ಬೆಳಗಾವಿಯಿಂದ ದಾದರಿಗೆ ಹೋಗುವ ರೈಲು ಹತ್ತಿದವರು ದಾದರಿನಲ್ಲಿ ಇಳಿದು ಅದೇ ಊರಿನ ಸಾಮಾನ್ಯ ಮೆಟ್ರೋದಲ್ಲಿ ಏರ್‌ಪೋರ್ಟ್ ಮುಟ್ಟಬಹುದು. ಅದಕ್ಕೆ ಎಕ್ಸ್‌ಪ್ರೆಸ್ ಅಂತ ಹೆಸರಿಲ್ಲ, ಕೆಲಸ ಮಾತ್ರ ಆಗುತ್ತದೆ.

ಈಗ ನಮ್ಮ ಮಾತಿಗೆ ಬರುತ್ತೇನೆ. ಬೆಂಗಳೂರಿನವರು ಈ ಪ್ರಶ್ನೆ ಎತ್ತಿದಾಗ ಕೊನೆಯ ಮೂವತ್ತೈದು ಕಿಲೋಮೀಟರ್ ಮಾತ್ರ ನೋಡುತ್ತಾರೆ. ಬೆಳಗಾವಿಯವನಿಗೆ ಅದರ ಹಿಂದೆ ಆರುನೂರು ಕಿಲೋಮೀಟರ್ ಇದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬಂದವನಿಗೆ ಕೊನೆಯಲ್ಲಿ ಹದಿನೈದು ನಿಮಿಷ ಉಳಿದರೆ ಏನು, ಹೋದರೆ ಏನು? ಅವನಿಗೆ ಬೇಕಾದದ್ದು ಬೇರೆ. ಯಶವಂತಪುರದಲ್ಲಿ ಇಳಿದರೆ ಅದೇ ಸ್ಟೇಷನ್ನಿನಲ್ಲಿ, ಮೆಟ್ಟಿಲು ಹತ್ತಿ ಇಳಿದು ಸುಸ್ತಾಗುವ ಮೊದಲು, ದೇವನಹಳ್ಳಿ ಕಡೆಯ ರೈಲು ಸಿಗಬೇಕು. ವಿಜಯಪುರ, ಬಾಗಲಕೋಟೆಯಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬಂದವನಿಗೂ ಅಷ್ಟೇ. ಹಾಲ್ಟಿನಲ್ಲಿ ಇಳಿದರೆ ಟರ್ಮಿನಲ್‌ಗೆ ಬಸ್ಸು ನಿಂತಿರಬೇಕು. ನಮ್ಮ ರೈಲು ಅರ್ಧ ಗಂಟೆ ತಡವಾದರೂ ಮುಂದಿನದು ಸಿಗುವಂತೆ ಗಂಟೆಗೆ ಎರಡಾದರೂ ಓಡಬೇಕು. ನಡುವೆ ಹೆಬ್ಬಾಳ ಕಡೆಯವರು ಹತ್ತಲಿ, ಯಲಹಂಕದವರು ಇಳಿಯಲಿ, ನಮಗೇನು ನೋವು?

ಇನ್ನೂ ಒಂದು ಹೊಟ್ಟೆಯುರಿ ಇದೆ, ಹೇಳಿಬಿಡುತ್ತೇನೆ. ಬಾಗಲಕೋಟೆ-ಕುಡಚಿ ಮಾರ್ಗ 2010-11ರಲ್ಲಿ ಮಂಜೂರಾಯಿತು. 142 ಕಿಲೋಮೀಟರ್. ಇನ್ನೂ ಹಳಿ ಕುಡಚಿ ಮುಟ್ಟಿಲ್ಲ. ಕಿತ್ತೂರು ಮೇಲೆ ಹಾದು ಬೆಳಗಾವಿ-ಧಾರವಾಡ ಕೂಡಿಸುವ ನೇರ ಮಾರ್ಗದ ಮಾತು ಕೇಳುತ್ತಲೇ ಇದ್ದೇವೆ. ಏರ್‌ಪೋರ್ಟ್ ರೈಲಿನ ದುಡ್ಡು ಬೇರೆ ಜೇಬಿನದು, ಅದನ್ನು ಬಿಟ್ಟರೆ ಇದು ಬರುತ್ತದೆ ಅಂತೇನಿಲ್ಲ ಅಂತ ತಿಳಿದವರು ಹೇಳುತ್ತಾರೆ. ಒಪ್ಪಿದೆ. ಆದರೂ ಹೊಟ್ಟೆ ಉರಿಯುವುದನ್ನು ಯಾರು ತಡೆಯುತ್ತಾರೆ?

ವೇಗದ ರೈಲಿನ ಮೇಲೆ ನನಗೆ ಸಿಟ್ಟಿಲ್ಲ. 2025ರ ಆಗಸ್ಟ್ 10ಕ್ಕೆ ನಮ್ಮ ಊರಿಗೂ ವಂದೇ ಭಾರತ್ ಬಂತು. ಬೆಳಗಿನ ಜಾವ ಹತ್ತಿದರೆ ಮಧ್ಯಾಹ್ನ ಬೆಂಗಳೂರು, ಎಂಟೂವರೆ ಗಂಟೆ. ರಾತ್ರಿ ವಿಮಾನ ಹಿಡಿಯುವವರಿಗೆ ಸರಿಯಾಗಿ ಕೂಡುತ್ತದೆ. ಆದರೆ ಅದೂ ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ತುಮಕೂರಿನಲ್ಲಿ ನಿಲ್ಲುತ್ತದೆ. ಹಾಗಾಗಿಯೇ ಅದರಲ್ಲಿ ಜನ ಇದ್ದಾರೆ. ಬೆಳಗಾವಿಯಿಂದ ಬೆಂಗಳೂರಿಗೆ ಎಲ್ಲೂ ನಿಲ್ಲದೆ ಓಡಿಸಿ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.

ಗೆಳೆಯನ ಮಗ ಕೊನೆಗೆ ಮೆಜೆಸ್ಟಿಕ್‌ನಿಂದ ಬಸ್ಸಿನಲ್ಲಿ ಹೋದ. ಹೆಬ್ಬಾಳದಲ್ಲಿ ನಲವತ್ತು ನಿಮಿಷ ನಿಂತನಂತೆ, ಆದರೂ ವಿಮಾನ ಸಿಕ್ಕಿತು. ಬಸ್ಸಿನಲ್ಲಿ ನಿಂತಾಗ ಅಪ್ಪನಿಗೆ ಫೋನ್ ಮಾಡಿ, "ಈಗ ಹೇಳು, ರೈಲು ಬೇಕೋ ಬ್ಯಾಡೋ?" ಅಂದನಂತೆ. "ಬೇಕು" ಅಂದ ಇವನು. "ಆದ್ರ ಯಲಹಂಕಾದಾಗ ನಿಂದರ್ಲಿ."