ಪಕ್ಷಮಾಸದಲ್ಲಿ ಪ್ರೊ ಮ್ಯಾಕ್ಸ್

ಪಕ್ಷಮಾಸದಲ್ಲಿ ನಮ್ಮ ಕಡೆ ಯಾರೂ ಹೊಸದೇನನ್ನೂ ಕೊಳ್ಳುವುದಿಲ್ಲ. ಸೈಟ್ ರಿಜಿಸ್ಟ್ರೇಷನ್ ಮುಂದಕ್ಕೆ ಹೋಗುತ್ತದೆ. ಬುಕ್ ಮಾಡಿದ ಸ್ಕೂಟರ್ ಶೋರೂಮಿನಲ್ಲೇ ಧೂಳು ಹಿಡಿಯುತ್ತದೆ. ಚಿನ್ನದಂಗಡಿಯವರು ನೊಣ ಹೊಡೆಯುತ್ತಾ ಕೂರುತ್ತಾರೆ. ಒಂದು ಸೌಟು ತರೋಣ ಅಂದರೂ ‘ಅಮಾವಾಸ್ಯೆ ಕಳೀಲಿ ತಡಿ’ ಅನ್ನುವ ಅಜ್ಜಿಯೊಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ.

2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21ಕ್ಕೆ ಬಂತು. ಐಫೋನ್ 17 ಅಂಗಡಿಗೆ ಬಂದದ್ದು 19ಕ್ಕೆ. ಮೂರು ದಿನ ತಡೆದಿದ್ದರೆ ನವರಾತ್ರಿ. ತಡೆದವರು ಎಷ್ಟು ಜನ? ಹೆಬ್ಬಾಳದ ಮಾಲ್‌ನಲ್ಲಿ ಅದೇ ತಿಂಗಳ 2ರಂದು ಶುರುವಾಗಿದ್ದ ಆಪಲ್ ಅಂಗಡಿಯ ಮುಂದೆ ಬಾಗಿಲು ತೆಗೆಯುವ ಮುಂಚೆಯೇ ಸಾಲು. ಮುಂಬೈಯ ಬಾಂದ್ರಾ-ಕುರ್ಲಾದ ಆಪಲ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರು ಕೈಕೈ ಮಿಲಾಯಿಸಿ, ಸೆಕ್ಯುರಿಟಿಯವರು ಬಿಡಿಸಬೇಕಾಯಿತು. ಅದರ ಹಿಂದಿನ ವರ್ಷ ಐಫೋನ್ 16 ಬಂದದ್ದು ಸೆಪ್ಟೆಂಬರ್ 20ಕ್ಕೆ. ಅದೂ ಪಕ್ಷಮಾಸವೇ. ಪಿತೃಗಳು ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದಾರೆ. ಎಡೆ ಇಡೋಕೆ ಅರ್ಧ ದಿನ ರಜೆ ಸಿಗಲಿಲ್ಲ ಅಂದ ಮೊಮ್ಮಗ ಸಾಲಲ್ಲಿ ನಿಲ್ಲೋಕೆ ಪೂರ್ತಿ ದಿನ ರಜೆ ಹಾಕಿದ್ದಾನೆ.

ಇಷ್ಟು ಆತುರ ಯಾಕೆ, ಡಬ್ಬದಲ್ಲಿ ಏನಿದೆ ಅಂತ ಗೊತ್ತಿರಲಿಲ್ಲವೇ ಅಂದರೆ, ಎಲ್ಲ ಗೊತ್ತಿತ್ತು. ಒಂದು ಫೋನ್ ಬಂದ ವಾರಕ್ಕೇ ಮುಂದಿನ ವರ್ಷದ ಫೋನಿನ ಗಾಳಿಸುದ್ದಿ ಶುರುವಾಗುತ್ತದೆ. ಕ್ಯಾಮೆರಾದ ಉಬ್ಬು ಅಡ್ಡಕ್ಕೆ ಪೂರ್ತಿ ಹಬ್ಬಿದೆಯಂತೆ. ಬಣ್ಣ ಕಿತ್ತಳೆಯಂತೆ. ಕವರ್ ಮಾಡುವವರ ಹತ್ತಿರ ಅಳತೆಯ ಅಚ್ಚು ಸಿಕ್ಕಿದೆಯಂತೆ. ಯೂಟ್ಯೂಬಿನಲ್ಲಿ ಒಬ್ಬ ಪ್ಲಾಸ್ಟಿಕ್ ಡಮ್ಮಿ ಹಿಡಿದು, ಅದು ಕೈಯಲ್ಲಿ ಹೇಗೆ ಕೂರುತ್ತದೆ ಅಂತ ಹತ್ತು ನಿಮಿಷ ವಿಮರ್ಶೆ ಮಾಡುತ್ತಾನೆ. ಫೋನೇ ಅಲ್ಲದ ಫೋನಿನ ವಿಮರ್ಶೆ. ಅದರಲ್ಲಿ ಕರೆ ಬರುವುದಿಲ್ಲ, ಚಾರ್ಜ್ ಮಾಡಬೇಕಿಲ್ಲ, ಬಿಸಿಯೂ ಆಗುವುದಿಲ್ಲ. ನನ್ನ ಕೇಳಿದರೆ ಈ ಇಡೀ ಸಂಭ್ರಮದಲ್ಲಿ ಒಳ್ಳೆಯ ಫೋನ್ ಅಂದರೆ ಅದೇ.

ಸೆಪ್ಟೆಂಬರ್ 9ರ ರಾತ್ರಿ ಹತ್ತೂವರೆಗೆ ಆಪಲ್ ಕಚೇರಿಯಿರುವ ಕ್ಯುಪರ್ಟಿನೋದಿಂದ ಹೊಸ ಫೋನ್ ತೋರಿಸುವ ಕಾರ್ಯಕ್ರಮ ಶುರುವಾಯಿತು. ನಿದ್ದೆಗೆಟ್ಟು ನೋಡಿದವರು ಮುಗಿದ ಮೇಲೆ ಹೇಳಿದ್ದು ಒಂದೇ ಮಾತು: ‘ಥೂ, ಹೊಸದೇನೂ ಇಲ್ಲ ಮಾರಾಯ.’ ಅದೇ ಬಾಯಿ ಶುಕ್ರವಾರ ಸಂಜೆ ಐದೂವರೆಗೆ ಪ್ರೀ-ಆರ್ಡರ್ ತೆರೆದಾಗ ‘ಪೇಜೇ ಓಪನ್ ಆಗ್ತಿಲ್ಲ’ ಅಂತ ಗೋಳಾಡಿತು.

ನಮ್ಮಣ್ಣನ ಮಗ ಈ ಜಾತಿಯವನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಕೈಯಲ್ಲಿದ್ದ ಐಫೋನ್ 15 ಪ್ರೊ ಚೆನ್ನಾಗೇ ಓಡುತ್ತಿತ್ತು.

“ಮತ್ತೆ ಯಾಕೋ ಬದಲಾಯಿಸ್ತೀಯಾ?”

“ಟೈಟಾನಿಯಂ ಬಿಸಿ ಆಗುತ್ತೆ ಚಿಕ್ಕಪ್ಪ. ಈ ಸಲ ಅಲ್ಯೂಮಿನಿಯಂ ಕೊಟ್ಟಿದ್ದಾರೆ.”

2023ರಲ್ಲಿ ಇವನೇ ನನ್ನ ಮುಂದೆ ಕೂತು, ಟೈಟಾನಿಯಂ ಅಂದರೇನು, ಮಂಗಳ ಗ್ರಹಕ್ಕೆ ಹೋಗುವ ನೌಕೆಯಲ್ಲಿ ಬಳಸುವ ಮಿಶ್ರಲೋಹ ಅದು ಅಂತ ಆಪಲ್‌ನವರ ಮಾತನ್ನೇ ಗಿಳಿಪಾಠ ಒಪ್ಪಿಸಿದ್ದ. ಎರಡು ವರ್ಷದಲ್ಲಿ ಮಂಗಳ ಗ್ರಹದಿಂದ ವಾಪಸ್ ಬಂದಾಯಿತು. ಈಗ ಅಲ್ಯೂಮಿನಿಯಂ ಬಿಸಿಯನ್ನು ಬೇಗ ಹರಡುತ್ತದೆ ಅನ್ನುವುದು ದೊಡ್ಡ ಸಂಶೋಧನೆ. ಇದು ನಮ್ಮ ಅತ್ತಿಗೆಗೆ ಹಿಂಡಾಲಿಯಂ ಬಾಣಲೆ ತಂದ ದಿನದಿಂದಲೇ ಗೊತ್ತು. ಅವರನ್ನು ಯಾರೂ ವೇದಿಕೆಗೆ ಕರೆಯಲಿಲ್ಲ, ಅಷ್ಟೇ.

ಹೊಸದೇನೂ ಬರುತ್ತಿಲ್ಲ ಅಂತ ಜನ ಕಂಪನಿಗಳನ್ನು ಬೈಯುತ್ತಾರಲ್ಲ, ನನಗೆ ಅದು ಅನ್ಯಾಯ ಅನಿಸುತ್ತದೆ. ಫೋನಿನ ಲೋಕದಲ್ಲಿ ಆವಿಷ್ಕಾರ ಭರದಿಂದಲೇ ನಡೆದಿದೆ. ಆದರೆ ಅದು ನಡೆಯುತ್ತಿರುವುದು ಕೊಳ್ಳುವವನ ತಲೆಯಲ್ಲಿ. ಪ್ರತಿ ಸೆಪ್ಟೆಂಬರ್‌ಗೂ ಅವನು ಒಂದು ಹೊಚ್ಚ ಹೊಸ ಕಾರಣ ಕಂಡುಹಿಡಿಯುತ್ತಾನೆ. ಆ ಪ್ರತಿಭೆಗೆ ಪೇಟೆಂಟ್ ಕೊಟ್ಟವರಿಲ್ಲ.

ನಿಜವಾಗಿಯೂ ಹೊಸದು ಬಂದಾಗ ಇಷ್ಟೊಂದು ಕಾರಣ ಬೇಕಿರಲಿಲ್ಲ. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಕೀಲಿಗಳಿಲ್ಲದ ಫೋನ್ ತೋರಿಸಿದಾಗ ಜಗತ್ತು ಬಾಯಿ ಬಿಟ್ಟದ್ದು ಸುಳ್ಳಲ್ಲ. ಅದರಲ್ಲಿ ಒಂದು ಸಾಲು ಬರಹವನ್ನು ಕಾಪಿ ಮಾಡಿ ಪೇಸ್ಟ್ ಮಾಡಲು ಆಗುತ್ತಿರಲಿಲ್ಲ, 2009ರವರೆಗೆ ಕಾಯಬೇಕಾಯಿತು. ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. 2010ರಲ್ಲಿ ಐಫೋನ್ 4 ಅನ್ನು ಒಂದು ರೀತಿ ಹಿಡಿದರೆ ಸಿಗ್ನಲ್ ಬೀಳುತ್ತಿತ್ತು. ಹಾಗೆ ಹಿಡಿಯಬೇಡಿ ಅಂತ ಜಾಬ್ಸ್ ಇಮೇಲ್‌ನಲ್ಲಿ ಉತ್ತರ ಕೊಟ್ಟರು. ಆಮೇಲೆ ಕಂಪನಿ ಪುಕ್ಕಟೆ ಕವರ್ ಹಂಚಿತು, ನಿಜ. ಆದರೆ ಗ್ರಾಹಕನಿಗೆ ಪಾಠ ಆಗಿಹೋಗಿತ್ತು. ಫೋನ್ ಸರಿಯಾಗೇ ಇದೆ, ನನ್ನ ಕೈಯೇ ಸರಿಯಿಲ್ಲ.

ಅಲ್ಲಿಂದ ಮುಂದೆ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೊಸತನವಾಯಿತು. 2016ರಲ್ಲಿ ಇಯರ್‌ಫೋನ್ ಚುಚ್ಚುವ ತೂತು ಮುಚ್ಚಿದರು. ಮುಂದಕ್ಕೆ ಹೋಗಲು ಧೈರ್ಯ ಬೇಕು ಅಂದರು ವೇದಿಕೆಯ ಮೇಲೆ ಆಪಲ್ ಮಾರ್ಕೆಟಿಂಗ್ ಮುಖ್ಯಸ್ಥ ಫಿಲ್ ಶಿಲ್ಲರ್. ಅದೇ ದಿನ 159 ಡಾಲರಿನ, ತಂತಿಯೇ ಇಲ್ಲದ ಏರ್‌ಪಾಡ್ಸ್ ಕೂಡ ಘೋಷಣೆ. ಧೈರ್ಯ ಬೇಕಾದದ್ದು ಯಾರಿಗೆ ಅಂತ ಬಿಲ್ ನೋಡಿದವರಿಗೆ ಗೊತ್ತು. 2020ರಲ್ಲಿ ಡಬ್ಬದಿಂದ ಚಾರ್ಜರ್ ತೆಗೆದರು. ಪರಿಸರ ಕಾಳಜಿ, ನಿಮ್ಮ ಮನೆಯಲ್ಲಿ ಹೇಗೂ ಒಂದು ಇರುತ್ತದಲ್ಲ, ಅಂದರು. ನಮ್ಮ ದರ್ಶಿನಿಯವನು ಒಂದು ಬೆಳಿಗ್ಗೆ ಬರೀ ಇಡ್ಲಿ ತಟ್ಟೆ ಮುಂದಿಟ್ಟು, ‘ಸರ್, ತೆಂಗಿನಮರ ಉಳಿಸೋಣ, ಚಟ್ನಿ ಮನೆಯಿಂದ ತನ್ನಿ, ಇಲ್ಲಾಂದ್ರೆ ಪಕ್ಕದ ಕೌಂಟರ್‌ನಲ್ಲಿ ಬೇರೆ ಬಿಲ್ ಮಾಡಿಸಿ’ ಅಂದರೆ ಅಲ್ಲಿ ಏನಾಗುತ್ತದೆ ಯೋಚಿಸಿ. ಆ ತಟ್ಟೆ ಯಾರ ತಲೆಯ ಮೇಲೆ ಬೀಳುತ್ತದೆ ಅಂತ ಹೇಳಬೇಕಿಲ್ಲ. ಇಲ್ಲಿ ಮಾತ್ರ ಲಕ್ಷ ರೂಪಾಯಿ ಕೊಟ್ಟವನು ಡಬ್ಬ ಎಷ್ಟು ತೆಳ್ಳಗಿದೆ ನೋಡಿ ಅಂತ ಮೆಚ್ಚಿಕೊಂಡ. ಬ್ರೆಜಿಲ್‌ನವರಿಗೆ ಮಾತ್ರ ಈ ಕಾಳಜಿ ಅರ್ಥವಾಗಲಿಲ್ಲ. ದಂಡ ಹಾಕಿದರು, 2022ರಲ್ಲಿ ಚಾರ್ಜರ್ ಇಲ್ಲದ ಐಫೋನ್ ಮಾರಬೇಡಿ ಅಂತಲೂ ಆದೇಶ ಹೊರಡಿಸಿದರು.

ಆಪಲ್ ಒಂದನ್ನೇ ಬೈದರೆ ಪಕ್ಷಪಾತವಾದೀತು. ಇಯರ್‌ಫೋನ್ ತೂತು ಹೋದಾಗ ಜಾಹೀರಾತು ಮಾಡಿ ನಕ್ಕಿದ್ದು ಸ್ಯಾಮ್‌ಸಂಗ್. 2019ರ ನೋಟ್ 10ರಲ್ಲಿ ತಾನೂ ಮುಚ್ಚಿತು. ಚಾರ್ಜರ್ ಹೋದಾಗಲೂ ಗೇಲಿ ಮಾಡಿತು. ಮರುವರ್ಷ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್21ರ ಡಬ್ಬದಲ್ಲಿ ಚಾರ್ಜರ್ ಇರಲಿಲ್ಲ. ನಕ್ಕಿದ ಪೋಸ್ಟ್ ಸದ್ದಿಲ್ಲದೆ ಮಾಯವಾಯಿತು.

ಇನ್ನು ಯುಎಸ್‌ಬಿ-ಸಿ ಕಥೆ. ಎಲ್ಲರೂ ಒಂದೇ ಥರದ ಪಿನ್ ಇಡಿ ಅಂತ ಐರೋಪ್ಯ ಒಕ್ಕೂಟ ಹಠ ಹಿಡಿದಾಗ, ಇದರಿಂದ ಹೊಸತನಕ್ಕೇ ಕುತ್ತು ಬರುತ್ತದೆ ಅಂತ ವಾದಿಸಿದ್ದು ಇದೇ ಆಪಲ್. 2022ರಲ್ಲಿ ಕಾನೂನು ಪಾಸಾಯಿತು. 2023ರಲ್ಲಿ ಐಫೋನ್ 15ಕ್ಕೆ ಯುಎಸ್‌ಬಿ-ಸಿ ಬಂತು, ಅದೂ ಹೊಸ ಸೌಲಭ್ಯವಾಗಿ, ಹಿನ್ನೆಲೆ ಸಂಗೀತದೊಂದಿಗೆ. ಕೋರ್ಟ್ ಹೇಳಿದ ಮೇಲೆ ರಸ್ತೆ ಗುಂಡಿ ಮುಚ್ಚಿ, ಪಕ್ಕದಲ್ಲಿ ತನ್ನ ಫೋಟೊ ಇರುವ ಫ್ಲೆಕ್ಸ್ ಕಟ್ಟಿಸುವ ನಮ್ಮ ಜನಪ್ರತಿನಿಧಿಗಳು ಇದನ್ನು ನೋಡಿ ಕಣ್ಣೊರೆಸಿಕೊಂಡಿರಬೇಕು.

ಐಪ್ಯಾಡ್ ಬಂದದ್ದು 2010ರಲ್ಲಿ. ಅದಕ್ಕೆ ಆಪಲ್ ತನ್ನದೇ ಕ್ಯಾಲ್ಕುಲೇಟರ್ ಕೊಟ್ಟದ್ದು 2024ರಲ್ಲಿ. ಹದಿನಾಲ್ಕು ವರ್ಷ! ರಾಮನ ವನವಾಸದಷ್ಟೇ ಕಾಲ. ಕೂಡುವ, ಕಳೆಯುವ ವಿದ್ಯೆ ಘೋಷಣೆಯಾದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. 2021ರಲ್ಲಿ ಸ್ಕ್ರೀನ್ ಒರೆಸುವ ಬಟ್ಟೆ ಬಂತು. ಭಾರತದಲ್ಲಿ ಬೆಲೆ 1,900 ರೂಪಾಯಿ. ಅದರಿಂದ ಯಾವ ಯಾವ ಸಾಧನ ಒರೆಸಬಹುದು ಅಂತ ಒಂದು ಪಟ್ಟಿಯನ್ನೂ ಕೊಟ್ಟಿದ್ದರು. ಹಳೇ ಪಂಚೆಯ ತುಂಡಿಗೆ ಇಂಥ ಪಟ್ಟಿ ಇಲ್ಲದಿರುವುದರಿಂದ ನಾನು ಅದರಲ್ಲಿ ಕನ್ನಡಕದಿಂದ ಹಿಡಿದು ಸೈಕಲ್ ಸೀಟಿನವರೆಗೆ ಎಲ್ಲವನ್ನೂ ಒರೆಸುತ್ತಿದ್ದೇನೆ. ಆ ಬಟ್ಟೆಗೆ ವಾರಗಟ್ಟಲೆ ವೇಟಿಂಗ್ ಲಿಸ್ಟ್ ಇತ್ತು.

2024ರದ್ದು ಇನ್ನೊಂದು ಮೆಟ್ಟಿಲು ಮೇಲೆ. ಐಫೋನ್ 16 ಅನ್ನು ತಮ್ಮ ಎಐ ಸೌಲಭ್ಯವಾದ ಆಪಲ್ ಇಂಟೆಲಿಜೆನ್ಸ್‌ಗಾಗಿಯೇ ಮಾಡಿದ ಫೋನ್ ಅಂತ ಮಾರಿದರು. ಫೋನ್ ಕೈಗೆ ಬಂದ ದಿನ ಅದರಲ್ಲಿ ಆ ಇಂಟೆಲಿಜೆನ್ಸ್ ಇರಲಿಲ್ಲ. ಮೊದಲ ಕಂತು ಅಕ್ಟೋಬರ್ ಕೊನೆಗೆ ಬಂತು. ನಮ್ಮ ಮನಸ್ಸನ್ನೇ ಓದಿ ಕೆಲಸ ಮಾಡಿಕೊಡಲಿದ್ದ ಹೊಸ ‘ಸಿರಿ’, ಅಂದರೆ ಫೋನಿನೊಳಗಿನ ಮಾತಿನ ಸಹಾಯಕಿ, ತಡವಾಗುತ್ತದೆ ಅಂತ 2025ರ ಮಾರ್ಚ್‌ನಲ್ಲಿ ಹೇಳಿದರು. ಅದನ್ನು ತೋರಿಸಿದ್ದ ಜಾಹೀರಾತನ್ನೂ ತೆಗೆದರು. ಇಲ್ಲದ ವಸ್ತುವಿಗೆ ಇಷ್ಟು ದುಡ್ಡು ಎಣಿಸುವುದು ಬೆಂಗಳೂರಿನಲ್ಲಿ ಫ್ಲಾಟ್ ಬುಕ್ ಮಾಡಿದವರಿಗೆ ಮಾತ್ರ ಅಭ್ಯಾಸವಿತ್ತು.

ಅಣ್ಣನ ಮಗನಿಗೆ ಇದೆಲ್ಲ ಹೇಳಿದೆ. ಅವನು ಮೂಲೆಗೆ ಸೇರುವ ಆಸಾಮಿ ಅಲ್ಲ.

“ಈ ಫೋನು ಎಲ್ಲಿ ಆಗೋದು ಗೊತ್ತಾ ಚಿಕ್ಕಪ್ಪ? ನಮ್ಮ ದೇವನಹಳ್ಳಿ. ನಮ್ಮದು ಅಂತ ಹೆಮ್ಮೆ ಬೇಡ್ವಾ?”

ಬೇಕು. ದೇವನಹಳ್ಳಿ ಹತ್ತಿರದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಆಗುತ್ತಿರುವುದು ನಿಜ. ಅಮೆರಿಕದಲ್ಲಿ ಮಾರುವ ಹೆಚ್ಚಿನ ಐಫೋನ್‌ಗಳು ಆ ಜೂನ್ ತ್ರೈಮಾಸಿಕದಲ್ಲಿ ಭಾರತದಿಂದಲೇ ಹೋಗುತ್ತವೆ ಅಂತ 2025ರ ಮೇನಲ್ಲಿ ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಅವರೇ ಹೇಳಿದ್ದರು. ಬಿಡುಗಡೆಯಾದಾಗ ಅಲ್ಲಿ ಐಫೋನ್ 17 ಪ್ರೊ ಬೆಲೆ 1,099 ಡಾಲರ್, ತೆರಿಗೆ ಬೇರೆ. ಆಗಿನ ದರದಲ್ಲಿ ಲಕ್ಷದ ಒಳಗೆ. ನಮ್ಮಲ್ಲಿ 1,34,900. ಸಮುದ್ರ ದಾಟಿ ಹೋದರೆ ಅಗ್ಗ. ಏರ್‌ಪೋರ್ಟ್ ರಸ್ತೆಯಲ್ಲಿ ಹೆಬ್ಬಾಳಕ್ಕೆ ಬಂದರೆ ದುಬಾರಿ. ಆ ರಸ್ತೆಯ ಟ್ರಾಫಿಕ್ ಗೊತ್ತಿದ್ದವರು ಇದನ್ನು ಸಾಗಣೆ ವೆಚ್ಚ ಅಂತಲೇ ಒಪ್ಪಿಕೊಳ್ಳಬಹುದು.

ಹೆಮ್ಮೆಯ ಮಾತು ಬಂದಾಗ ಕೋಲಾರದ ನರಸಾಪುರವೂ ನೆನಪಾಗುತ್ತದೆ. 2020ರ ಡಿಸೆಂಬರ್ 12ರಂದು ಅಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು, ಸಂಬಳ ಸರಿಯಾಗಿ ಬರುತ್ತಿಲ್ಲ ಅಂತ ಸಿಟ್ಟಿಗೆದ್ದು ಗಾಜು ಪುಡಿಪುಡಿ ಮಾಡಿದರು. ಕಂಪನಿ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು. ಆಪಲ್ ಅದಕ್ಕೆ ಹೊಸ ಆರ್ಡರ್ ತಡೆಹಿಡಿಯಿತು. 2023ರಲ್ಲಿ ಕಾರ್ಖಾನೆ ಟಾಟಾ ಕೈಗೆ ಹೋಯಿತು. ಅಲ್ಲಿನ ಹುಡುಗರಿಗೂ ನಿರೀಕ್ಷೆ ಇತ್ತು. ತಿಂಗಳ ಸಂಬಳದ ಎಸ್ಸೆಮ್ಮೆಸ್ ಬರಬೇಕು ಅನ್ನುವುದು. ಅದು ಬರುತ್ತದೋ ಇಲ್ಲವೋ ಅಂತ ಯಾವ ಯೂಟ್ಯೂಬರನೂ ಮುಂಚಿತವಾಗಿ ಲೀಕ್ ಮಾಡಲಿಲ್ಲ.

ನನ್ನ ಮಾತು ಮುಗಿಯುವುದರೊಳಗೆ ಹುಡುಗ ಲೆಕ್ಕ ಮುಗಿಸಿದ್ದ. 24 ಕಂತು. “ದಿನಕ್ಕೆ ಬರೀ 187 ರೂಪಾಯಿ ಚಿಕ್ಕಪ್ಪ.” ದಿನದ ಲೆಕ್ಕದಲ್ಲಿ ನೋಡಿದರೆ ವಿಧಾನಸೌಧವೂ ಅಗ್ಗವೇ.

ಫೋನ್ ತಂದ ದಿನ ನಾನೂ ಜೊತೆಗಿದ್ದೆ. ಕಾಸ್ಮಿಕ್ ಆರೆಂಜ್. ಇದೇ ಬಣ್ಣ ಬೇಕು ಅಂತ ಕಾದು ತಂದದ್ದು. ಡಬ್ಬ ತೆರೆದ ಮೇಲೆ ಮೊದಲು ಯಾರಿಗೂ ಫೋನ್ ಮಾಡಲಿಲ್ಲ. ಸೀದಾ ಬಡಾವಣೆಯ ಮೊಬೈಲ್ ಅಂಗಡಿಗೆ. ಅಲ್ಲಿನ ಹುಡುಗ ಒದ್ದೆ ಕಾಗದದಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿದ. ಚಿಕ್ಕ ಸ್ಟಿಕ್ಕರಿನಿಂದ ಧೂಳಿನ ಕಣ ಕಿತ್ತ. ಉಸಿರು ಬಿಗಿಹಿಡಿದು ಟೆಂಪರ್ಡ್ ಗ್ಲಾಸ್ ಕೂರಿಸಿದ. ಸುತ್ತ ನಿಂತ ನಾವೂ ಉಸಿರು ಬಿಡಲಿಲ್ಲ. ಆಮೇಲೆ ದಪ್ಪನೆಯ ಕಪ್ಪು ಕವರ್ ತೊಡಿಸಿದ. ಕಿತ್ತಳೆ ಬಣ್ಣ ಅಲ್ಲಿಗೆ ಮುಗಿಯಿತು. ಕ್ಯಾಮೆರಾ ಸುತ್ತ ಒಂದು ಗೀಟು ಉಳಿದಿದೆ. ಮನೆಗೆ ಬಂದಾಗ ಅತ್ತಿಗೆ ನೋಡಿ, “ಹಳೇ ಫೋನು ರಿಪೇರಿ ಆಯ್ತೇನೋ?” ಅಂದರು. ಅಂದಿನಿಂದ ನೆಂಟರು ಬಂದಾಗಲೆಲ್ಲ ಅವನು ಕವರ್ ಬಿಚ್ಚಿ ತೋರಿಸಿ, ಮತ್ತೆ ಹಾಕುತ್ತಾನೆ.

ಮೊನ್ನೆ ಬಂದಾಗ ಅವನ ಕಣ್ಣಲ್ಲಿ ಮತ್ತೆ ಅದೇ ಹೊಳಪು. ಮಡಚುವ ಐಫೋನ್ ಬರುತ್ತದಂತೆ.

“ಸ್ಯಾಮ್‌ಸಂಗ್‌ನವರು 2019ರಿಂದ ಮಡಚ್ತಾ ಇದ್ದಾರಲ್ಲೋ?”

“ಅದು ಬರೀ ಮಡಚುತ್ತೆ ಚಿಕ್ಕಪ್ಪ. ಇದು ಆಪಲ್ ಅಲ್ವಾ?”

“ಈಗಿಂದರ ಕಂತೇ ಮುಗಿದಿಲ್ಲ. ಇನ್ನೊಂದು ಯಾಕೆ?”

“ಮಡಚಿದರೆ ಜೇಬಲ್ಲಿ ಜಾಗ ಉಳಿಯುತ್ತೆ.”

“ಜೇಬಲ್ಲಿ ಇಡೋಕೆ ಇನ್ನೇನು ಉಳಿದಿರುತ್ತೋ?”

ಅವನು ಕೇಳಿಸಿಕೊಳ್ಳಲಿಲ್ಲ. ಯಾರೋ ಒಬ್ಬ ಪ್ಲಾಸ್ಟಿಕ್ ಡಮ್ಮಿಯೊಂದನ್ನು ಮಡಚಿ ಮಡಚಿ ತೋರಿಸುತ್ತಿದ್ದ. ಕೀಲು ಬಹಳ ಗಟ್ಟಿಯಾಗಿದೆಯಂತೆ.