ಸ್ಪಷ್ಟನೆ: ಶರತ್ ಕಮಲ್ ಒಲಿಂಪಿಕ್ಸ್ ಪದಕ ಗೆದ್ದಿಲ್ಲ

‘ಟೋಕಿಯೊ ಒಲಿಂಪಿಕ್ಸ್ ಟೇಬಲ್ ಟೆನಿಸ್‌ನಲ್ಲಿ ಶರತ್ ಕಮಲ್‌ಗೆ ಕಂಚು’ ಎಂಬ ಮೆಸೇಜ್ ಹಾಸನದ ಪೋಷಕರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಟೇಬಲ್ ಟೆನಿಸ್‌ನಲ್ಲಿ ಭಾರತಕ್ಕೆ ಇನ್ನೂ ಒಲಿಂಪಿಕ್ಸ್ ಪದಕ ಬಂದಿಲ್ಲ.

2021ರಲ್ಲಿ ನಡೆದ ಆ ಕೂಟದ ಅಧಿಕೃತ ಫಲಿತಾಂಶ ನೋಡಿ. ಸಿಂಗಲ್ಸ್ ಮೂರನೇ ಸುತ್ತಿನಲ್ಲಿ ಶರತ್ ಚೀನಾದ ಮಾ ಲಾಂಗ್ ಎದುರು 1-4ರಿಂದ ಸೋತರು. ಎರಡನೇ ಗೇಮ್ ಶರತ್ ಅವರದೇ, 11-8. ಮೂರನೆಯದು 11-13ರವರೆಗೂ ಎಳೆಯಿತು. ಕೊನೆಗೆ ಚಿನ್ನ ಗೆದ್ದದ್ದು ಅದೇ ಮಾ ಲಾಂಗ್. ಅಂಥವರ ಎದುರು ಇಷ್ಟು ಬಿಗಿಯಾಗಿ ಆಡಿದ್ದು ಸಣ್ಣ ಮಾತಲ್ಲ, ಅಲ್ವಾ?

ಚೆನ್ನೈನ ಈ ಆಟಗಾರನಿಗೆ ನಿಜವಾದ ಪದಕಗಳೇ ಬೇಕಾದಷ್ಟಿವೆ. 2006ರಲ್ಲಿ ಮೆಲ್ಬರ್ನ್, 2022ರಲ್ಲಿ ಬರ್ಮಿಂಗ್‌ಹ್ಯಾಮ್, ಎರಡೂ ಕಾಮನ್‌ವೆಲ್ತ್ ಕೂಟಗಳಲ್ಲಿ ಸಿಂಗಲ್ಸ್ ಚಿನ್ನ. ನಡುವೆ 16 ವರ್ಷ! ಎರಡನೆಯದು ಬಂದಾಗ ವಯಸ್ಸು 40. 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಕಂಚು ಸಿಕ್ಕಿದ್ದೂ ನಿಜ. ಜೊತೆಗೆ 10 ಸಲ ರಾಷ್ಟ್ರೀಯ ಚಾಂಪಿಯನ್.

ಕ್ವಿಜ್‌ಗೆ ಓದುವ ಮಕ್ಕಳು ಆ ಮೆಸೇಜನ್ನೇ ನೋಟ್ಸ್‌ನಲ್ಲಿ ಬರೆದುಕೊಳ್ಳುತ್ತಾರೆ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪ್‌ಗೆ ಇದನ್ನೂ ಹಾಕಿಬಿಡಿ.